ಬ್ಯಾಟರಿ ನೀರು ಕುಡಿಯುವ ಗಿಡ

ಕಿರವತ್ತಿ
ತಾ. 21-10-2024

ಮಹೇಶ್ವರಿಗೆ ಗಂಗಾಂಬಿಕಾ ಮಾಡುವ ಆಶೀರ್ವಾದ.

ನಾನು ಯಾರು ಎಂದು ನಿನಗೆ ಹೇಳಬೇಕಾಗಿರಲಿಲ್ಲ. ಈಚೆಗೆ ನೀನು ಮರೆತಂತೆ ಕಾಣುವುದರಿಂದ ಬರೆಯುತ್ತಿದ್ದೇನೆ. ನಾನು ಈ ಮನೆಯ ಹಿರಿಯ ಸೊಸೆ, ನಿನ್ನ ಗಂಡನ ಅಣ್ಣನ ಹೆಂಡತಿ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಲಾರಿಯವರಿಗೆಲ್ಲ ಕಿರವತ್ತಿಯ ನಮ್ಮ ಖಾನಾವಳಿ ಗೊತ್ತು, ಅದಕ್ಕಿಂತ ಮೊದಲು ನಾನು ಗೊತ್ತು. ನಲವತ್ತೇಳು ವರ್ಷ ಆ ಒಲೆಯ ಮುಂದೆ ರೊಟ್ಟಿ ಬಡಿದಿದ್ದೇನೆ. ಈಗ ಬಡಿಯುವುದಿಲ್ಲ, ಬಡಿಯುವವರನ್ನು ನೋಡಿಕೊಳ್ಳುತ್ತೇನೆ. ನೀನು ಡೇಲಿಯಾ ಅನ್ನುವ ನನ್ನ ಅಂಗಳದ ಡೇರೆ ಹೂವಿಗೆ ಯಲ್ಲಾಪುರದ ಪ್ರದರ್ಶನದಲ್ಲಿ ಎಂಟು ಸಲ ಮೊದಲ ಬಹುಮಾನ ಬಂದಿದೆ. ಗಲ್ಲಾದ ಮೇಲೆ ಮಗ ಸದಾಶಿವ ಕೂತರೂ, ಈ ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕು, ಏನು ಓದಬೇಕು ಎನ್ನುವುದು ನನ್ನನ್ನು ಕೇಳಿಯೇ ಆಗುತ್ತದೆ.

ಫೋನು ಮಾಡಬಹುದಿತ್ತು. ಆದರೆ ಫೋನು ಗಲ್ಲಾದ ಮೇಲಿರುತ್ತದೆ, ಊಟಕ್ಕೆ ಕೂತವರೆಲ್ಲ ಕಿವಿ ಕೊಡುತ್ತಾರೆ. ಅದೂ ಅಲ್ಲದೆ, ಬರೆದ ಮಾತನ್ನು ಆಮೇಲೆ ಯಾರೂ ಅಲ್ಲ ಅನ್ನಲಾರರು.

ಮೊಮ್ಮಗಳು ಸ್ಫೂರ್ತಿ ದಸರಾ ರಜೆಯಲ್ಲಿ ನಿನ್ನ ಮನೆಯಲ್ಲಿ ಎಂಟು ದಿನ ಇದ್ದು ಬಂದಳು. ಬರುವಾಗ ಮೂರು ಕುಂಡ ತಂದಿದ್ದಾಳೆ. ಕುಂಡದ ತುಂಬ ಮರಳು. ಮರಳಿನ ಮೇಲೆ ರೂಪಾಯಿ ಅಗಲದ ಕೆಂಪು ಗಿಡ, ಮೈತುಂಬ ಅಂಟು. ಹುಳ ತಿನ್ನುತ್ತದಂತೆ. ಲಿಂಗಪೂಜೆ ಆಗುವ ಮನೆ ಇದು. 'ಶುದ್ಧ ಸಸ್ಯಾಹಾರಿ' ಎಂದು ಹೊರಗೆ ಬೋರ್ಡು ಇದೆ. ಆ ಬೋರ್ಡಿನ ಕೆಳಗಿನ ಕಿಟಕಿಯಲ್ಲೇ ಅವಳು ಅದನ್ನು ಇಟ್ಟಿದ್ದಾಳೆ. ಮೊನ್ನೆ ಲಾರಿ ಡ್ರೈವರ್ ಬೈರ ಕೈ ತೊಳೆಯುತ್ತ, "ಅಮ್ಮಾರ, ನಿಮ್ಮಲ್ಲೂ ನಾನ್‌ವೆಜ್ ಶುರು ಆತಂತಲ್ರೀ?" ಅಂದ. ಕೂತವರೆಲ್ಲ ನಕ್ಕರು.

ಹೋದ ಭಾನುವಾರ ಯಲ್ಲಾಪುರದಿಂದ ದೇವಕ್ಕ ಮತ್ತು ಮೂವರು ಹೆಂಗಸರು ನನ್ನ ಡೇರೆ ನೋಡಲಿಕ್ಕೆಂದೇ ಬಂದಿದ್ದರು. ಬಿಳಿಯಂಚಿನ ಕೆಂಪು ಡೇರೆ ಊಟದ ತಟ್ಟೆಯಷ್ಟು ಅಗಲ ಅರಳಿತ್ತು. ಅವರು ಅಂಗಳದಲ್ಲಿ ನಿಂತದ್ದು ಐದು ನಿಮಿಷ, ಕಿಟಕಿಯ ಹತ್ತಿರ ಅರ್ಧ ಗಂಟೆ. "ಎಂತದೇ ಕೂಸೇ ಇದು? ಹುಳ ತಿಂತಡಾ?" ಎಂದು ದೇವಕ್ಕ ಹುಡುಗಿಯನ್ನು ಕೇಳುವುದು, ಇವಳು ಸಣ್ಣಜ್ಜಿ ಹೀಗೆ ಹೇಳಿದಳು, ಸಣ್ಣಜ್ಜಿ ಹಾಗೆ ಹೇಳಿದಳು ಎಂದು ನಿನ್ನ ಮಾತನ್ನೇ ವಿವರಿಸುವುದು. ನಾನು ಚಹಾ ಹಿಡಿದುಕೊಂಡು ನಿಂತಿದ್ದೆ.

ಅದೂ ಹೋಗಲಿ. "ಹತ್ತನೇದು ಮುಗದ ಮ್ಯಾಲೆ ಸಣ್ಣಜ್ಜಿ ಮನ್ಯಾಗ ಇದ್ದು ಸೈನ್ಸ್ ಓದ್ತೀನಿ" ಅನ್ನುತ್ತಿದ್ದಾಳೆ. ಇದನ್ನು ತಲೆಯಲ್ಲಿ ತುಂಬಿದವರು ಯಾರು? ಯಲ್ಲಾಪುರದಲ್ಲಿ ಕಾಲೇಜಿದೆ, ಇಲ್ಲಿಂದ ದಿನಾ ಬಸ್ಸಿದೆ.

ಕುಂಡಗಳನ್ನು ವಾಪಸು ಕಳಿಸುತ್ತೇನೆ. ಯಾವ ಬಸ್ಸಿಗೆ ಎಂದು ತಿಳಿಸು.

ಗಂಗಾಂಬಿಕಾ


ಶಿರಸಿ
ತಾ. 30-10-2024

ಪೂಜ್ಯ ಅಕ್ಕನವರಿಗೆ ಮಹೇಶ್ವರಿಯ ಶರಣಾರ್ಥಿ.

ನೀವು ಯಾರೆಂಬುದನ್ನು ನಾನು ಯಾವತ್ತೂ ಮರೆತಿಲ್ಲ. ಈ ಮನೆಯಲ್ಲಿ ಅದನ್ನು ಮರೆತವರು ಯಾರೂ ಇಲ್ಲ.

ಕುಂಡಗಳನ್ನು ಕಳಿಸಬೇಡಿ. ಗಿಡ ಸ್ಫೂರ್ತಿಯದು, ನನ್ನದಲ್ಲ. ಬೀಜದಿಂದ ಅವಳೇ ಎಬ್ಬಿಸಿದ್ದು. ಬೇಸಿಗೆ ರಜೆಯಲ್ಲಿ ಬಂದಾಗ ಬಿತ್ತಿ ಹೋಗಿದ್ದಳು, ನಾನು ನೋಡಿಕೊಂಡೆ ಅಷ್ಟೆ. ಇದರ ಮೂಲ ಸಿದ್ದಾಪುರದ ಕಡೆಯ ಕಲ್ಲುಹಾಸಿನ ಬಯಲು. ಅಲ್ಲಿ ಮಣ್ಣಿನಲ್ಲಿ ಸತ್ವವೇ ಇಲ್ಲ. ಬೇರಿಗೆ ಸಿಗದ್ದನ್ನು ಗಾಳಿಯಲ್ಲಿ ಹಾರುವ ಹುಳದಿಂದ ಪಡೆಯುವುದನ್ನು ಗಿಡ ಕಲಿತಿದೆ. ಡ್ರಾಸೆರಾ ಎನ್ನುತ್ತಾರೆ. ನಿಮಗೆ ಬೇಕಾದ ಹೆಸರಿನಲ್ಲಿ ಕರೆಯಿರಿ.

ಹೇಳಬೇಕಾದ್ದು ನಾಲ್ಕೇ ಮಾತು. ಮಳೆನೀರನ್ನೇ ಹಾಕಬೇಕು, ಬೋರಿನ ನೀರು ಆಗದು. ಕುಂಡವನ್ನು ನೀರಿರುವ ತಟ್ಟೆಯಲ್ಲಿ ಇಡಬೇಕು. ಬಿಸಿಲು ಚೆನ್ನಾಗಿ ಬೀಳಲಿ. ಗೊಬ್ಬರ ಮಾತ್ರ ಬೇಡ. ಅದರಲ್ಲೂ ನೀವು ಡೇರೆಗೆ ಹಾಕುವ ಶೇಂಗಾ ಹಿಂಡಿಯ ನೀರು ಒಂದು ಹನಿಯೂ ತಾಗಬಾರದು, ಬೇರು ಸುಟ್ಟು ಸಾಯುತ್ತದೆ. ಹಸಿದಿದೆ ಎಂದು ಉಣ್ಣಿಸಬೇಡಿ. ಹಸಿವಾದರೆ ಅದೇ ಹಿಡಿದುಕೊಳ್ಳುತ್ತದೆ.

ಕಾಲೇಜಿನ ವಿಷಯ ಅವಳಾಗಿಯೇ ಕೇಳಿದಳು. ಒಂದು ಕೋಣೆ ಖಾಲಿ ಇದೆ ಎಂದೆ. ಅದಕ್ಕಿಂತ ಹೆಚ್ಚು ಹೇಳಿಲ್ಲ. ತೀರ್ಮಾನ ನಿಮ್ಮದು.

ನಿಮ್ಮ
ಮಹೇಶ್ವರಿ


ಕಿರವತ್ತಿ
ತಾ. 15-12-2024

ಮಹೇಶ್ವರಿಗೆ ಆಶೀರ್ವಾದ.

ನಿನ್ನ ಕಾಗದ ಬಂದಾಗ ನನ್ನ ಕನ್ನಡಕ ರಿಪೇರಿಗೆ ಹೋಗಿತ್ತು. ಹುಡುಗಿಯೇ ಓದಿ ಹೇಳಿದಳು, ಎರಡು ಸಲ. ಮಳೆನೀರು ಎಂದು ಬರೆದೆ, ದೀಪಾವಳಿ ಕಳೆದ ಮೇಲೆ ಕಿರವತ್ತಿಯಲ್ಲಿ ಮಳೆ ಎಲ್ಲಿಂದ ಬರಬೇಕು? ಹಂಡೆಯಲ್ಲಿ ಹಿಡಿದಿಟ್ಟದ್ದು ತೀರಿದ ಮೇಲೆ ಇವಳು ಫೋನಿನಲ್ಲಿ ನಿನ್ನನ್ನು ಕೇಳಿದಳು. ನೀನು ಬ್ಯಾಟರಿಗೆ ಹಾಕುವ ನೀರೂ ಆಗುತ್ತದೆ ಅಂದೆಯಂತೆ, ಆಸಿಡ್ ಅಲ್ಲ, ಬರೀ ನೀರು. ಪಂಕ್ಚರ್ ಅಂಗಡಿಯ ನಾಗಪ್ಪನಿಂದ ಅದನ್ನು ತರಲು ನಾನೇ ಹೋಗಬೇಕಾಯಿತು, ಅವಳಿಗೆ ಶಾಲೆ. "ಯಾವ ಗಾಡಿ ತಗೊಂಡ್ರಿ ಅಮ್ಮಾರ?" ಎಂದು ಕೇಳಿದ. ಗಿಡಕ್ಕೆ ಎಂದೆ. ಅವನು ಕ್ಯಾನು ಕೊಟ್ಟು ನನ್ನ ಮುಖವನ್ನೇ ನೋಡಿದ. ನಲವತ್ತೇಳು ವರ್ಷದಲ್ಲಿ ಆ ರಸ್ತೆಯ ಮೇಲೆ ನನ್ನನ್ನು ಹಾಗೆ ನೋಡಿದವರಿಲ್ಲ.

ಶುಕ್ರವಾರ ಊಟದ ಗದ್ದಲ ಮುಗಿದ ಮೇಲೆ ಕಿಟಕಿಯ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದೆ. ನೋಡಬೇಕೆಂದು ಕೂತದ್ದಲ್ಲ, ಬೆಳಕು ಅಲ್ಲಿ ಚೆನ್ನಾಗಿರುತ್ತದೆ. ಒಂದು ಗುಂಗುರು ಹುಳ ಬಂದು ಎಲೆಯ ಮೇಲೆ ಕೂತಿತು. ಏಳಲು ಆಗಲಿಲ್ಲ. ಎಲೆಯ ಸುತ್ತಲಿನ ಕೆಂಪು ಕೂದಲು ಅದರ ಕಡೆ ಬಾಗಿದವು, ಮಗುವಿಗೆ ಹೊದಿಕೆ ಸರಿ ಮಾಡುವ ಹಾಗೆ, ನಿಧಾನ. ಅಕ್ಕಿ ಮುಗಿದರೂ ಕೂತಿದ್ದೆ. ಹುಡುಗಿ ಶಾಲೆಯಿಂದ ಬಂದ ಕೂಡಲೇ ಹೇಳಿದೆ. ಚೀಲ ಎಸೆದು ಓಡಿದಳು, ಫೋಟೊ ತೆಗೆದಳು, ನಿನಗೆ ಕಳಿಸಿದಳು. ಆಮೇಲೆ ನಿನ್ನಿಂದ ಏನೋ ಬಂತು, ಅದನ್ನು ಓದಿ ಕುಣಿದಳು. ನೋಡಿದವಳು ನಾನು, ಅವಳಿಗೆ ಬೇಕಾದದ್ದು ನಿನ್ನ ಶಾಭಾಸ್.

ಪ್ರತಿ ವರ್ಷ ಈ ಹೊತ್ತಿಗೆ ಡೇರೆ ಗೆಡ್ಡೆ ಅಗೆಯುವಾಗ ನಾನು ಹೇಳಿದಂತೆ ಹೆಸರಿನ ಚೀಟಿ ಬರೆದು ಕಟ್ಟುತ್ತಿದ್ದವಳು ಅವಳು. ಈ ವರ್ಷ "ನಾಳೆ ಅಜ್ಜಿ" ಅಂದಳು, ನಾಲ್ಕು ದಿನ. ಒಬ್ಬಳೇ ಅಗೆದೆ. ಯಾವುದು ಯಾವ ಬಣ್ಣದ್ದೋ ಎಲ್ಲ ಕೂಡಿಹೋಗಿದೆ. ಬಿಳಿಯಂಚಿನದು ಮಾತ್ರ ಕೈಗೇ ಗೊತ್ತಾಗುತ್ತದೆ.

ನೀನು ಮದುವೆಯಾಗಿ ಬಂದಾಗ ಅತ್ತೆ ನಿನ್ನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. "ಓದಿದ ಕೈ ಐತಿ, ಸುಟ್ಟೀತು, ನೀ ಪೇಪರ್ ನೋಡವ್ವಾ" ಅನ್ನುತ್ತಿದ್ದರು. ನಿನ್ನ ಪಾಲಿನ ರೊಟ್ಟಿಯನ್ನೂ ನಾನೇ ಬಡಿದೆ. ನನ್ನದೂ ಎಸ್ಸೆಸ್ಸೆಲ್ಸಿ ಪಾಸಾದ ಕೈ. ಕನ್ನಡಕ್ಕೆ ಎಂಬತ್ತೊಂದು ಬಂದಿತ್ತು. ಇದನ್ನು ಯಾಕೆ ಬರೆದೆನೋ ತಿಳಿಯದು. ಹೊಡೆದುಹಾಕಿದರೆ ಕಾಗದ ಕೆಡುತ್ತದೆ, ಇರಲಿ.

ಗಂಗಾಂಬಿಕಾ


ಕಿರವತ್ತಿ
ತಾ. 2-2-2025

ಮಹೇಶ್ವರಿಗೆ ಆಶೀರ್ವಾದ.

ನಿನ್ನ ಗಿಡಗಳು ಸತ್ತವು, ಮೂರೂ.

ಹುಡುಗಿ ಶಾಲೆಯ ಪ್ರವಾಸಕ್ಕೆ ಮೂರು ದಿನ ವಿಜಯಪುರಕ್ಕೆ ಹೋಗಿದ್ದಳು. ಹೋಗುವಾಗ ನನ್ನ ಕೈಗೆ ಒಪ್ಪಿಸಿದಳು. ಗಿಡ ಬಡಕಲಾಗಿ ಕಂಡವು. ಗುಲಾಬಿಗೆಂದು ಹಿಂಡಿ ನೆನೆಹಾಕಿದ್ದೆ, ಅದರ ತಿಳಿಯನ್ನು ಒಂದೊಂದು ಲೋಟ ಹಾಕಿದೆ. ಹಸಿದವರಿಗೆ ಉಣ್ಣಿಸುವುದು ಈ ಮನೆಯ ಕಸುಬು. ನಾಲ್ಕನೆಯ ದಿನಕ್ಕೆ ಎಲೆ ಕಪ್ಪಾದವು, ಮರಳಿನ ಮೇಲೆ ಬಿಳಿ ಬೂಸರು ಬಂತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆಯಿತು.

ಹುಡುಗಿ ಬಂದು ನೋಡಿದಳು. ಕುಂಡ ತೊಳೆದು ಹಿತ್ತಿಲಲ್ಲಿ ಬೋರಲು ಹಾಕಿದ್ದಾಳೆ.

ಇಂಥ ನಾಜೂಕು ಗಿಡ ಈ ಮನೆಗೆ ಆಗುವುದಿಲ್ಲ ಎಂದು ಇದರಿಂದ ತಿಳಿಯಿತು. ಅವಳನ್ನು ಯಲ್ಲಾಪುರದ ಕಾಲೇಜಿಗೆ ಸೇರಿಸುವುದೆಂದು ಸದಾಶಿವನಿಗೆ ಹೇಳಿದ್ದೇನೆ. ದಿನಾ ಹೋಗಿ ಬಂದು ಮಾಡುತ್ತಾಳೆ. ನಿನ್ನ ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡು.

ಗಂಗಾಂಬಿಕಾ


ಶಿರಸಿ
ತಾ. 12-2-2025

ಪೂಜ್ಯ ಅಕ್ಕನವರಿಗೆ ಶರಣಾರ್ಥಿ.

ಗಿಡ ಸಾಯುವುದು ದೊಡ್ಡ ಮಾತಲ್ಲ. ನಿಮಗೆ ಗೊತ್ತಿರಲಿಲ್ಲ ಎಂದು ಸ್ಫೂರ್ತಿಗೂ ಹೇಳಿದ್ದೇನೆ. ಆಕೆ ಹೂಂ ಅಂದಳು. ಪರೀಕ್ಷೆ ಹತ್ತಿರ ಬಂತು, ಈ ಮಾತನ್ನು ಮನೆಯಲ್ಲಿ ಬೆಳೆಸಬೇಡಿ.

ನನಗೂ ಇದು ಹೊಸದಲ್ಲ. ಹದಿನಾಲ್ಕು ವರ್ಷದ ಹಿಂದೆ ನಿಮ್ಮ ಬಿಳಿಯಂಚಿನ ಡೇರೆ ಬೇಕೆಂದು ಕೇಳಿದ್ದೆ, ನೀವು ಒಂದು ಗೆಡ್ಡೆ ಕೊಟ್ಟಿರಿ. ತುಂಬಿಕೊಂಡ ಗೆಡ್ಡೆ, ಆದರೆ ತುದಿಯಲ್ಲಿ ಕಣ್ಣಿರಲಿಲ್ಲ. ಕಣ್ಣಿಲ್ಲದ್ದು ಎಷ್ಟು ದಪ್ಪವಿದ್ದರೂ ಮೊಳೆಯುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳಿದವಳು ನಾನು. ಆದರೂ ಎರಡು ತಿಂಗಳು ನೀರು ಹಾಕಿದೆ. ನಿಮ್ಮ ಕೈಯಿಂದ ಬಂದದ್ದು, ಮೊಳೆತರೂ ಮೊಳೆಯಬಹುದು ಎಂದು. ಆಮೇಲೆ ಕೇಳಲು ಮನಸ್ಸು ಬರಲಿಲ್ಲ. ಇವರು ಹೋದ ಮೇಲಂತೂ ಕಿರವತ್ತಿಗೆ ಬರಲು ನೆವವೂ ಉಳಿಯಲಿಲ್ಲ. ಒಂಬತ್ತು ವರ್ಷವಾಯಿತು.

ಈ ಕಾಗದದ ಮಡಿಕೆಯಲ್ಲಿ ಚಿಟಿಕೆ ಬೀಜ ಇದೆ, ಮಸಿಯ ಪುಡಿಯಂತೆ ಕಾಣುತ್ತದೆ. ಉಸಿರು ಬಿಗಿಹಿಡಿದು ಬಿಚ್ಚಿ. ಇದನ್ನು ಸ್ಫೂರ್ತಿಗೆ ಕಳಿಸಿಲ್ಲ, ನಿಮಗೆ ಕಳಿಸಿದ್ದೇನೆ. ಒದ್ದೆ ಮರಳಿನ ಮೇಲೆ ಉದುರಿಸಿದರೆ ಸಾಕು, ಮುಚ್ಚಬೇಕಾಗಿಲ್ಲ.

ಕೋಣೆಯನ್ನು ಬಾಡಿಗೆಗೆ ಕೊಟ್ಟಿಲ್ಲ.

ನಿಮ್ಮ
ಮಹೇಶ್ವರಿ


ಕಿರವತ್ತಿ
ತಾ. 6-4-2025

ಮಹೇಶ್ವರಿಗೆ.

ನೀನು ಬೈದಿದ್ದರೆ ನಾನೂ ಎರಡು ಮಾತು ಬರೆಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಬೈಯದೆ ಬೀಜ ಕಳಿಸಿದ್ದೀ. ಇದು ಕಲಿತವರ ಬುದ್ಧಿ.

ಹುಡುಗಿಯ ಪರೀಕ್ಷೆ ಮುಗಿಯಿತು. ಚೆನ್ನಾಗಿ ಬರೆದಿದ್ದೇನೆ ಅನ್ನುತ್ತಾಳೆ. ಯಲ್ಲಾಪುರದ ಕಾಲೇಜು ಎಂದೆ, "ಆತು ಅಜ್ಜಿ" ಅಂದಳು. ಒಂದು ಮಾತು ಎದುರಾಡಲಿಲ್ಲ.

ಬೀಜವನ್ನು ಬಿತ್ತಿಲ್ಲ. ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟಿದ್ದೇನೆ. ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತೇನೆ, ಬಿತ್ತಿದ ಮೇಲೆ ಬ್ಯಾಟರಿ ನೀರನ್ನು ಮೇಲಿಂದ ಚಿಮುಕಿಸಬೇಕೋ ಕೆಳಗಿಂದ ಕೊಡಬೇಕೋ? ಮರಳಿನ ಮೇಲೆ ಹಸಿರು ಚುಕ್ಕೆ ಕಂಡರೆ ಅದು ಪಾಚಿಯೋ ಸಸಿಯೋ ಹೇಗೆ ಗೊತ್ತಾಗುತ್ತದೆ? ಬೇಗ ಬರೆ.

ಗಂಗಾಂಬಿಕಾ


ಶಿರಸಿ
ತಾ. 10-4-2025

ಪೂಜ್ಯ ಅಕ್ಕನವರಿಗೆ ಶರಣಾರ್ಥಿ.

ಬಿತ್ತದೆ ಇಟ್ಟ ಬೀಜಕ್ಕೆ ನೀರು ಕೆಳಗಿಂದ, ತಟ್ಟೆಯಲ್ಲಿ ಕೊಡಬೇಕು. ಮೇಲಿಂದ ಹಾಕಿದರೆ ಕೊಚ್ಚಿಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಒಂದು ತೆಳು ಬಟ್ಟೆ ಮರೆ ಮಾಡಿ. ಹಸಿರು ಚುಕ್ಕೆಯ ಮೇಲೆ ಬೆಳಿಗ್ಗೆ ಹನಿ ಕಂಡು, ಬಿಸಿಲು ಏರಿದರೂ ಆ ಹನಿ ಆರದೆ ಇದ್ದರೆ ಅದು ಸಸಿ.

ಮಹೇಶ್ವರಿ


ಕಿರವತ್ತಿ
ತಾ. 2-6-2025

ಮಹೇಶ್ವರಿಗೆ ಗಂಗಾಂಬಿಕಾ ಮಾಡುವ ಆಶೀರ್ವಾದ.

ಬರೆದ ಮಾತನ್ನು ಯಾರೂ ಅಲ್ಲ ಅನ್ನಲಾರರು ಎಂದು ಮೊದಲ ಕಾಗದದಲ್ಲಿ ನಾನೇ ಬರೆದಿದ್ದೆ. ಫೆಬ್ರುವರಿಯ ಕಾಗದ ನಿನ್ನ ಹತ್ತಿರ ಇರಬಹುದು. ಗೊತ್ತಿರಲಿಲ್ಲ ಎಂದು ಅದರಲ್ಲಿ ಬರೆದದ್ದು ಸುಳ್ಳು. ಒಂದು ಹನಿಯೂ ತಾಗಬಾರದು ಎಂಬ ಮಾತು ಕಿವಿಯಲ್ಲಿ ಇಟ್ಟುಕೊಂಡೇ ಒಂದೊಂದು ಲೋಟ ಹಾಕಿದೆ. ಗಿಡ ಹೋದರೆ ಅವಳ ಸಣ್ಣಜ್ಜಿಯ ಹುಚ್ಚು ಹೋಗುತ್ತದೆ, ಹುಡುಗಿ ಇಲ್ಲೇ ಉಳಿಯುತ್ತಾಳೆ ಎಂದು ಹಾಕಿದೆ.

ಪ್ರವಾಸದಿಂದ ಬಂದು ಕುಂಡ ನೋಡಿದ ದಿನ ಅವಳು ನನ್ನನ್ನು ಒಂದೇ ಮಾತು ಕೇಳಿದ್ದಳು. "ನಿಂಗ ಗೊತ್ತಿರಲಿಲ್ಲ, ಹೌದಲ್ಲಜ್ಜಿ?" ಆ ಕಾಗದವನ್ನು ನನಗೆ ಎರಡು ಸಲ ಓದಿ ಹೇಳಿದವಳು ಅವಳೇ. ನಾನು ಹೂಂ ಅಂದೆ. ಅವಳೂ ಹೂಂ ಅಂದಳು. ಅವತ್ತಿನಿಂದ ಮನೆಯಲ್ಲಿ ಸಣ್ಣಜ್ಜಿಯ ಹೆಸರು ಬರಲಿಲ್ಲ. ಕಿಟಕಿಯ ಕಡೆಗೂ ಅವಳು ಹೋಗಲಿಲ್ಲ. ಹೇಳಿದ ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ಆತು ಅನ್ನುತ್ತಿದ್ದಳು. ನಾನು ಬಯಸಿದ್ದು ಇದನ್ನೇ ಅಲ್ಲವೇ? ಖಾನಾವಳಿಯಲ್ಲಿ ಕೆಲಸಕ್ಕೆ ಬರುವ ಹೆಂಗಸರೂ ನನ್ನ ಜೊತೆ ಅದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಬೀಜ ಬಿತ್ತಿದ್ದೆ. ಅದು ನಿನಗೆ ಗೊತ್ತೇ ಇದೆ. ಹಿತ್ತಿಲಲ್ಲಿ ಬೋರಲು ಹಾಕಿದ್ದ ಅದೇ ಕುಂಡ, ಹೊಳೆಯ ಮರಳನ್ನು ಏಳು ನೀರಿನಲ್ಲಿ ತೊಳೆದು ಹಾಕಿದೆ. ಮೇ ತಿಂಗಳ ಒಂದು ಬೆಳಿಗ್ಗೆ ಐದು ಸಸಿಗಳ ಮೇಲೆ ಹನಿ ಕಂಡಿತು. ಹತ್ತು ಗಂಟೆಯ ಬಿಸಿಲಿಗೂ ಆರಲಿಲ್ಲ. ಅವಳನ್ನು ಕರೆದೆ. ಬಗ್ಗಿ ಬಹಳ ಹೊತ್ತು ನೋಡಿದಳು. ಮುಖ ಎತ್ತದೆಯೇ ಕೇಳಿದಳು.

"ಅವತ್ತ ಹಿಂಡಿ ನೀರು ಯಾಕ ಹಾಕಿದಿ ಅಜ್ಜಿ?"

"ನೀ ಹೋಗ್ತಿ ಅಂತ."

"ನಾ ಹೋಗೂದು ಗಿಡದ ಸಲುವಾಗಿ ಅಲ್ಲಜ್ಜಿ. ಓದೂದರ ಸಲುವಾಗಿ."

ನಾನು ಕುಂಡದ ಅಂಚಿನ ಮರಳು ಒರೆಸಿದೆ.

"ನೀ ಯಾಕ ಮುಂದ ಓದಲಿಲ್ಲ?"

"ಯಾರೂ ಕಳಿಸಲಿಲ್ಲ" ಅಂದೆ. ಅಂದ ಮೇಲೆ ಅವಳು ನನ್ನ ಮುಖ ನೋಡಿದಳು. ನಾನು ತಟ್ಟೆಗೆ ನೀರು ಹಾಕಿದೆ. ತಟ್ಟೆ ತುಂಬಿಯೇ ಇತ್ತು, ಹೊರಗೆ ಚೆಲ್ಲಿತು.

ಯಲ್ಲಾಪುರದ ಕಾಲೇಜಿನ ಅರ್ಜಿಯನ್ನು ಸದಾಶಿವ ತುಂಬಿಟ್ಟಿದ್ದ. ಅದನ್ನು ಹರಿದು, ಅಲ್ಲಿಯ ಕಾಲೇಜಿಗೆ ಅವಳ ಹೆಸರು ಹಚ್ಚಲು ಮರುದಿನವೇ ಅವನನ್ನು ಶಿರಸಿಗೆ ಅಟ್ಟಿದೆ. "ಅವ್ವಾ, ನೀನ ಬ್ಯಾಡ ಅಂದಿದ್ದಿ, ಈಗ ನೀನ ಹೋಗು ಅಂತಿ" ಎಂದು ಗೊಣಗಿದ. ಅವತ್ತು ಅಂದವಳೂ ನಾನೇ, ಇವತ್ತು ಅನ್ನುವವಳೂ ನಾನೇ ಎಂದೆ. ನಿನ್ನ ಮನೆಗೆ ಹೋಗಬೇಡ, ನಾನೇ ಬರೆಯುತ್ತೇನೆ ಎಂದು ಹೇಳಿ ಕಳಿಸಿದ್ದೆ. ಬರೆಯಲು ಇಷ್ಟು ದಿನ ಹಿಡಿಯಿತು.

ನಿನ್ನೆ ಬೆಳಿಗ್ಗೆ ಹುಡುಗಿಯ ಜೊತೆ ನಾನೇ ಯಲ್ಲಾಪುರದವರೆಗೆ ಹೋಗಿ ಶಿರಸಿ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟಿಗೆ ಕೂಡಿಸಿ ಬಂದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅವಳು ನಿನ್ನ ಮನೆಯಲ್ಲಿ ನಾಲ್ಕು ದಿನ ಉಂಡಿರುತ್ತಾಳೆ. ಎರಡು ವರ್ಷ ಅವಳು ನಿನ್ನಲ್ಲೇ ಇರುತ್ತಾಳೆ. ಖಡಕ್ ರೊಟ್ಟಿ ಪ್ರತಿ ಶನಿವಾರದ ಬಸ್ಸಿಗೆ ಬರುತ್ತದೆ, ನಿನ್ನ ರೊಟ್ಟಿ ಎಂಥದೆಂದು ನನಗೆ ಗೊತ್ತು.

ನಾನು ಬದಲಾದೆ ಎಂದು ತಿಳಿಯಬೇಡ. ಬಸ್ಸು ತಿರುವಿನಲ್ಲಿ ಮರೆಯಾಗುವಾಗ ಅವಳು ಸದಾಶಿವ ಕೊಡಿಸಿದ ಹೊಸ ಫೋನು ತೆಗೆದು ಕಿವಿಗೆ ಹಿಡಿದಳು. ನಿನಗೇ ಮಾಡಿರಬೇಕು, ಹೊರಟೆ ಎಂದು ಹೇಳಲು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅದನ್ನು ನೋಡಿದೆ. ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ. ಆ ಉರಿಯನ್ನು ಇಟ್ಟುಕೊಂಡೇ ಕಳಿಸಿದ್ದೇನೆ.

ಅವಳ ಚೀಲದಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಡೇರೆ ಗೆಡ್ಡೆ ಇದೆ. ಬಿಳಿಯಂಚಿನದು. ಮೂರು ಕಣ್ಣಿವೆ, ಒಂದು ಆಗಲೇ ಮೊಳಕೆ ಒಡೆದಿದೆ. ಕನ್ನಡಕ ಹಾಕಿಕೊಂಡು ನೋಡಿಯೇ ಸುತ್ತಿದ್ದೇನೆ. ಮೊದಲ ಮಳೆ ಬಿದ್ದ ಕೂಡಲೇ ನಡು. ಹಿಂಡಿಯ ನೀರನ್ನು ಇದಕ್ಕೆ ಹಾಕು.

ಐದು ಅಂಟುಗಿಡಗಳಲ್ಲಿ ಒಂದನ್ನಾದರೂ ಶಿರಸಿಗೆ ಒಯ್ಯುತ್ತೇನೆ ಎಂದು ಹುಡುಗಿ ಕೇಳಿದಳು. ಕೊಡಲಿಲ್ಲ. ಬೆಳಿಗ್ಗೆ ನಾಗಪ್ಪನ ಅಂಗಡಿಯಿಂದ ಹೊಸ ಕ್ಯಾನು ತಂದು ಐದಕ್ಕೂ ನೀರು ಕೊಟ್ಟಿದ್ದೇನೆ. ಅವನ್ನು ನೋಡಬೇಕಾದವರು ಕಿರವತ್ತಿಗೇ ಬರಬೇಕು.

ನೀನೂ.

ಗಂಗಾಂಬಿಕಾ